ಅವಾರ್ಡ್ ಲೆಟರ್ ಬಂತು, ದುಡ್ಡು ಬರಲಿಲ್ಲ

ಯಾರ ಅರ್ಜಿ ಎಲ್ಲಿಗೆ ಬಂತು ಅಂತ ಗುರುತು ಹಾಕುವ ನಮ್ಮ ಆಫೀಸಿನ ಟ್ರ್ಯಾಕರ್‌ನಲ್ಲಿ ವಿದ್ಯಾರ್ಥಿಯ ಹೆಸರಿನ ಮುಂದೆ 'ಅವಾರ್ಡೆಡ್' ಅಂತ ಹಾಕಿದ ಕೂಡಲೇ ಆ ಸಾಲು ಹಸಿರಾಗುತ್ತದೆ. ಹಸಿರಾದ ಸಾಲನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಸೋಮವಾರದ ರಿವ್ಯೂನಲ್ಲಿ ಅದರ ಮಾತೇ ಬರುವುದಿಲ್ಲ. ಮಾರ್ಕೆಟಿಂಗ್‌ನವರು ಫೋಟೋ ಕೇಳುತ್ತಾರೆ, 'ಫುಲ್ ಸ್ಕಾಲರ್‌ಶಿಪ್' ಅಂತ ದೊಡ್ಡಕ್ಷರದಲ್ಲಿ ಪೋಸ್ಟರ್ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ವಿದೇಶದಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಮಾಡಲು ಹೊರಟವರ ಸ್ಕಾಲರ್‌ಶಿಪ್ ಫೈಲ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಹಸಿರು ಸಾಲಿನ ಮೇಲೆ ನನಗೂ ನಂಬಿಕೆ ಇತ್ತು. ಅದು ಹೋಗಿದ್ದು ಒಬ್ಬ ಹುಡುಗಿಯ ಫೈಲಿನಿಂದ.

ಅವಳಿಗೆ ಯುರೋಪಿನ ಒಂದು ವಿಶ್ವವಿದ್ಯಾಲಯದಿಂದ ಎರಡು ವರ್ಷದ ಮಾಸ್ಟರ್ಸ್‌ಗೆ ಸ್ಕಾಲರ್‌ಶಿಪ್ ಸಿಕ್ಕಿತ್ತು. ಟ್ಯೂಷನ್ ವೇವರ್ ಅಂದರೆ ಬೋಧನಾ ಶುಲ್ಕ ಮನ್ನಾ, ಜೊತೆಗೆ ತಿಂಗಳ ಖರ್ಚಿಗೆ ಸ್ಟೈಪೆಂಡ್. ಎಸ್‌ಒಪಿ, ಅಂದರೆ ಯಾಕೆ ಓದಬೇಕು ಅಂತ ವಿವರಿಸುವ ಪ್ರಬಂಧ, ಅವಳೇ ಬರೆದಿದ್ದಳು, ನಾನು ಕೈ ಹಾಕಿದ್ದು ತೀರಾ ಕಡಿಮೆ. ಇಬ್ಬರು ರೆಫರಿಗಳೂ ಶಿಫಾರಸು ಪತ್ರವನ್ನು (ಎಲ್‌ಒಆರ್) ಟೈಮಿಗೆ ಸರಿಯಾಗಿ ಅಪ್‌ಲೋಡ್ ಮಾಡಿದ್ದರು. ನಮ್ಮ ಕೆಲಸದಲ್ಲಿ ಇದು ಎಷ್ಟು ಅಪರೂಪ ಅಂತ ಗೊತ್ತಿರುವವರಿಗೆ ಗೊತ್ತು. ಮನೆಯಲ್ಲಿ ದುಡ್ಡಿನ ಬಲ ಇರಲಿಲ್ಲ. ಸ್ಕಾಲರ್‌ಶಿಪ್ ಸಿಗದಿದ್ದರೆ ಹೋಗುವ ಮಾತೇ ಇಲ್ಲ ಅಂತ ಮೊದಲ ದಿನವೇ ಹೇಳಿದ್ದಳು. ಹಾಗಾಗಿ ಲೆಟರ್ ಬಂದ ದಿನ ಇಡೀ ಟೀಮಿಗೆ ಖುಷಿ.

ವೀಸಾ ಸ್ಲಾಟ್‌ನ ಹಿಂದಿನ ದಿನ ಫೈಲ್ ತೋರಿಸಲು ಆಫೀಸಿಗೆ ಬಂದಳು. ಪಾಸ್‌ಪೋರ್ಟ್, ಆಫರ್ ಲೆಟರ್, ಅವಾರ್ಡ್ ಲೆಟರ್, ಇನ್ಶೂರೆನ್ಸ್, ಟ್ರಾನ್ಸ್‌ಕ್ರಿಪ್ಟ್ ಎಲ್ಲ ಸರಿಯಾಗಿ ಜೋಡಿಸಿದ್ದಳು. ಕೊನೆಯಲ್ಲಿ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು, ಸೋದರಮಾವ ಬರೆದುಕೊಟ್ಟ ಸ್ಪಾನ್ಸರ್ ಪತ್ರ ಇತ್ತು.

"ಇವೆರಡೂ ಬೇಡಮ್ಮ. ಸ್ಕಾಲರ್‌ಶಿಪ್ ಇದ್ದವರು ಇದನ್ನೆಲ್ಲ ಕೊಟ್ಟರೆ ಸುಮ್ನೆ ಪ್ರಶ್ನೆ ಜಾಸ್ತಿ ಆಗುತ್ತೆ" ಅಂದೆ. ನಾನೇ ಅವನ್ನು ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅವಳು ಒಂದು ಕ್ಷಣ ಆ ಕಾಗದಗಳನ್ನೇ ನೋಡಿದಳು. "ಇರಲಿ ಬಿಡಿ ಮೇಡಂ, ನೀವು ಹೇಳಿದ ಮೇಲೆ" ಅಂದಳು.

ಯಾಕೆ ಹಾಗೆ ಹೇಳಿದೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಅದಕ್ಕೂ ಮೊದಲು ನನ್ನ ಕೈಗೆ ಹೆಚ್ಚಾಗಿ ಬಂದಿದ್ದು ಅಮೆರಿಕ ಸರ್ಕಾರದ ಫುಲ್‌ಬ್ರೈಟ್, ಬ್ರಿಟಿಷ್ ಸರ್ಕಾರದ ಚೀವ್ನಿಂಗ್‌ನಂಥ ದೊಡ್ಡ ಸ್ಕಾಲರ್‌ಶಿಪ್‌ಗಳ ಫೈಲ್‌ಗಳು. ಫುಲ್‌ಬ್ರೈಟ್ 1946ರಿಂದ ಇದೆ, ಚೀವ್ನಿಂಗ್ 1983ರಿಂದ. ಅವರ ಲೆಟರ್ ವೀಸಾ ಕೌಂಟರ್‌ನವರಿಗೆ ಹೊಸದಲ್ಲ. ಆ ಹೆಸರು ಕಂಡರೆ ಅರ್ಧ ಕೆಲಸ ಆದಂತೆ. ಒಂದು ವಿಶ್ವವಿದ್ಯಾಲಯ ತನ್ನದೇ ಫಂಡ್‌ನಿಂದ ಕೊಡುವ ಸ್ಕಾಲರ್‌ಶಿಪ್‌ಗೂ ಅದೇ ಮರ್ಯಾದೆ ಸಿಗುತ್ತದೆ ಅಂದುಕೊಂಡೆ. ಲೆಟರ್ ಓದಿರಲಿಲ್ಲ ಅಂತಲ್ಲ. 'ಸ್ಟೈಪೆಂಡನ್ನು ವಿಶ್ವವಿದ್ಯಾಲಯದ ನಿಯಮದಂತೆ ನೀಡಲಾಗುವುದು' ಅನ್ನುವ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಮೊತ್ತ ಎಷ್ಟು ಅಂತ ಅವರ ವೆಬ್‌ಸೈಟ್‌ನಲ್ಲಿ ನೋಡಿ ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಲೆಟರ್‌ನಲ್ಲೂ ಇದೆ ಅನ್ನುವ ಹಾಗೆ ಮುಂದಕ್ಕೆ ಹೋದೆ.

ಮರುದಿನ ಮಧ್ಯಾಹ್ನ ಫೋನ್ ಬಂತು. ವೀಸಾ ಸೆಂಟರ್ ಒಳಗೆ ಮೊಬೈಲ್ ಬಿಡುವುದಿಲ್ಲವಲ್ಲ, ಅವಳು ಹೊರಗೆ ಬಂದು ಮಾಡುತ್ತಿದ್ದಳು. "ಮೇಡಂ, ಲೆಟರ್‌ನಲ್ಲಿ ತಿಂಗಳಿಗೆ ಎಷ್ಟು ಅಂತ ಇಲ್ಲವಂತೆ. ಎಷ್ಟು ತಿಂಗಳು ಅಂತಲೂ ಇಲ್ಲವಂತೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇದೆಯಾ ಅಂತ ಕೇಳಿದರು." ಆಮೇಲೆ ಒಂದೆರಡು ಸೆಕೆಂಡ್ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆ ಸ್ಟೇಟ್‌ಮೆಂಟ್ ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಇತ್ತು.

ಕೌಂಟರ್ ಮುಚ್ಚುವುದರೊಳಗೆ ತಿದ್ದಿದ ಲೆಟರ್ ತಂದರೆ ಅದೇ ದಿನ ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಹೊಸ ಸ್ಲಾಟ್ ಬುಕ್ ಮಾಡಿ ಅಂದಿದ್ದರು. ಹೊಸ ಸ್ಲಾಟ್ ಸಿಗುವ ಹೊತ್ತಿಗೆ ಕ್ಲಾಸ್ ಶುರುವಾಗಿರುತ್ತಿತ್ತು. ಲೇಟ್ ಎನ್ರೋಲ್ ಆದವರ ಸ್ಕಾಲರ್‌ಶಿಪ್ ರದ್ದು ಅಂತ ಅದೇ ಲೆಟರ್‌ನ ಎರಡನೇ ಪುಟದಲ್ಲಿ ಇತ್ತು. ಆ ಸಾಲು ಮಾತ್ರ ಬಹಳ ಸ್ಪಷ್ಟವಾಗಿತ್ತು.

ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಮೇಲ್ ಹಾಕಿದೆ. ತಕ್ಷಣ ಆಟೋ ರಿಪ್ಲೈ ಬಂತು, ರಜೆಯಲ್ಲಿದ್ದಾರೆ. ಆಗಸ್ಟ್‌ನಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳ ಆಫೀಸುಗಳು ಅರ್ಧಕ್ಕರ್ಧ ಖಾಲಿ. ವೀಸಾ ಕೆಲಸ ಜಾಸ್ತಿ ಇರುವುದೂ ಅದೇ ತಿಂಗಳು. ಅಡ್ಮಿಷನ್ಸ್ ಫೋನ್ ರಿಂಗ್ ಆಗಿ ಆಗಿ ನಿಂತಿತು. ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ರೆಕಾರ್ಡ್ ಮಾಡಿದ ದನಿ ಏನೋ ಹೇಳಿತು, ಇಂಗ್ಲಿಷಿನಲ್ಲಲ್ಲ. ಪಕ್ಕದ ಸೀಟಿನ ಸಹೋದ್ಯೋಗಿ ತನ್ನ ಕೆಲಸ ಬಿಟ್ಟು ಬಂದು ಲೆಟರನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿದರು. ತೀರಾ ಕೆಳಗೆ, ಸಣ್ಣಕ್ಷರದಲ್ಲಿ, ಫೈನಾನ್ಸ್ ವಿಭಾಗದ ಒಂದು ನಂಬರ್ ಇತ್ತು.

ಅಲ್ಲಿ ಒಬ್ಬ ಹೆಂಗಸು ಫೋನ್ ಎತ್ತಿದರು. ಇಂಥ ಲೆಟರ್ ನಾವು ಕೊಡುವುದಿಲ್ಲ, ಅಡ್ಮಿಷನ್ಸ್‌ನವರೇ ಕೊಡಬೇಕು ಅಂದರು. ಅಡ್ಮಿಷನ್ಸ್‌ನಲ್ಲಿ ಯಾರೂ ಇಲ್ಲ, ಹುಡುಗಿ ವೀಸಾ ಸೆಂಟರ್ ಬಾಗಿಲಲ್ಲಿ ನಿಂತಿದ್ದಾಳೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನು ಬರೆಯಬೇಕು ಹೇಳಿ" ಅಂದರು. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹೆಸರು, ಪಾಸ್‌ಪೋರ್ಟ್ ನಂಬರ್, ತಿಂಗಳಿಗೆ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಟ್ಯೂಷನ್ ಪೂರ್ತಿ ಮನ್ನಾ ಅನ್ನುವ ಒಂದು ಸಾಲು. ಒಂದೊಂದಾಗಿ ಹೇಳಿದೆ. ಸಹಿಗೆ ಮೇಲಿನವರ ಹತ್ತಿರ ಹೋಗಬೇಕು ಅಂತ ಫೋನ್ ಇಟ್ಟರು.

ಆ ಕಾಯುವಿಕೆ ನನಗೆ ಇವತ್ತಿಗೂ ನೆನಪಿದೆ. ಇನ್‌ಬಾಕ್ಸ್ ರಿಫ್ರೆಶ್ ಮಾಡುವುದು, ಅವಳಿಗೆ ಫೋನ್ ಮಾಡಿ "ಬರುತ್ತೆ, ಬರುತ್ತೆ" ಅನ್ನುವುದು. ಬಂದೇ ಬರುತ್ತದೆ ಅನ್ನುವ ಖಾತ್ರಿ ನನಗೇ ಇರಲಿಲ್ಲ. ಪಿಡಿಎಫ್ ಬಂತು. ತೆರೆದರೆ ಎರಡು ವರ್ಷದ ಬದಲು ಒಂದೇ ವರ್ಷದ ತಾರೀಖು. ಮತ್ತೆ ಫೋನ್, ಮತ್ತೆ ಸಹಿ. ಎರಡನೇ ಸಲ ಬಂದದ್ದು ಸರಿ ಇತ್ತು. ವೀಸಾ ಸೆಂಟರ್‌ನಲ್ಲೇ ಪ್ರಿಂಟ್ ತೆಗೆಸಿ ಕೊಟ್ಟಳು. ಕೌಂಟರ್‌ನಲ್ಲಿ ಕೊನೆಯ ಟೋಕನ್ ಅವಳದ್ದೇ.

ವೀಸಾ ಆಯಿತು, ಹೋದಳು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಟ್ರ್ಯಾಕರ್‌ಗೆ ಅದು ಗೊತ್ತೇ ಆಗಲಿಲ್ಲ, ಯಾಕೆಂದರೆ ಸಾಲು ಆಗಲೇ ಹಸಿರು.

ಸ್ಟೈಪೆಂಡ್ ಹಾಕಲು ಅಲ್ಲಿನ ಬ್ಯಾಂಕ್ ಖಾತೆಯೇ ಬೇಕು ಅಂದರು. ಖಾತೆ ತೆರೆಯಲು ವಿಳಾಸ ನೋಂದಣಿ ಆಗಿರಬೇಕು. ನೋಂದಣಿಗೆ ಬಾಡಿಗೆ ಕರಾರು ಬೇಕು. ಕರಾರಿಗೆ ಸಹಿ ಹಾಕಬೇಕಾದರೆ ಡಿಪಾಸಿಟ್ ಜೊತೆ ಮೊದಲ ತಿಂಗಳ ಬಾಡಿಗೆ ಕೊಡಬೇಕು. ಆ ದುಡ್ಡು ಸ್ಟೈಪೆಂಡ್‌ನಿಂದಲೇ ಬರಬೇಕಿತ್ತು. ಒಬ್ಬಳು ಸೀನಿಯರ್ ರೂಮಿನಲ್ಲಿ ನೆಲದ ಮೇಲೆ ಮಲಗಿ, ಸಾಲ ಮಾಡಿ ದಿನ ದೂಡಿದಳು. ಅವಳ ಮೊದಲ ಸ್ಟೈಪೆಂಡ್ ಬಂದದ್ದು ನವೆಂಬರ್‌ನಲ್ಲಿ, ಹಿಂದಿನ ತಿಂಗಳುಗಳದ್ದೂ ಸೇರಿಸಿ. ಲೆಕ್ಕದಲ್ಲಿ ಒಂದು ಪೈಸೆ ಮೋಸ ಇಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಊಟಕ್ಕೆ ಬೇಕಾದ ದುಡ್ಡು ನವೆಂಬರ್‌ನಲ್ಲಿ ಬಂದರೆ ಏನು ಮಾಡುವುದು?

ನನಗೆ ಸಿಟ್ಟು ಬರುವುದು ಇಲ್ಲೇ. ಕೈಯಲ್ಲಿ ದುಡ್ಡಿಲ್ಲದವರು ಓದಲಿ ಅಂತ ಕೊಡುವ ಸ್ಕಾಲರ್‌ಶಿಪ್. ಅದನ್ನು ಪಡೆಯಲು ಮೊದಲು ಕೈಯಲ್ಲಿ ದುಡ್ಡಿರಬೇಕು ಅಂದರೆ ಹೇಗೆ? ಅನುಕೂಲಸ್ಥರ ಮಕ್ಕಳಿಗೆ ಈ ಎರಡು ತಿಂಗಳು ಲೆಕ್ಕಕ್ಕೇ ಇಲ್ಲ. ಯಾರಿಗಾಗಿ ಫಂಡ್ ಇಟ್ಟಿದ್ದಾರೋ ಅವರೇ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಅದಾದ ಮೇಲೆ ಒಂದೊಂದು ಸ್ಕಾಲರ್‌ಶಿಪ್ಪನ್ನೂ ಈ ಕಣ್ಣಿನಿಂದಲೇ ನೋಡಲು ಶುರು ಮಾಡಿದೆ. ವ್ಯತ್ಯಾಸ ಬಹಳ ಇದೆ. ಚೀವ್ನಿಂಗ್ ವಿಮಾನದ ಖರ್ಚು, ವೀಸಾ ಅರ್ಜಿಯ ಖರ್ಚು ಕೊಡುತ್ತದೆ, ತಲುಪಿದ ಮೇಲೆ ಅರೈವಲ್ ಅಲೊವೆನ್ಸ್ ಅಂತ ಬೇರೆಯೇ ಇದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಸಿಗುವ ಗೇಟ್ಸ್ ಕೇಂಬ್ರಿಡ್ಜ್, ವೀಸಾ ಖರ್ಚಿನ ಜೊತೆಗೆ ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜನ್ನೂ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕವನ್ನೂ ಭರಿಸುತ್ತದೆ. ಈ ಸರ್‌ಚಾರ್ಜ್ ಸಣ್ಣ ವಿಷಯ ಅಲ್ಲ. ಬ್ರಿಟನ್ನಿನಲ್ಲಿ 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಮಾಸ್ಟರ್ಸ್‌ಗೂ ವೀಸಾ ಅವಧಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇರುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಬೀಳುತ್ತದೆ, ಅದೂ ಅರ್ಜಿ ಹಾಕುವಾಗಲೇ. ಬರೀ ಟ್ಯೂಷನ್ ಮನ್ನಾ ಸಿಕ್ಕವರು ಇದನ್ನು ತಾವೇ ಹೊಂದಿಸಬೇಕು.

ಯುರೋಪಿಯನ್ ಒಕ್ಕೂಟ ಮಾಸ್ಟರ್ಸ್‌ಗೆ ಕೊಡುವ ಎರಾಸ್ಮಸ್ ಮುಂಡಸ್ ವಿಷಯದಲ್ಲಿ ಹಳಬರ ಮಾತು ಕೇಳಿ ಮೋಸಹೋಗುವವರು ಜಾಸ್ತಿ. ಮೊದಲು ತಿಂಗಳ ಹಣ 1,000 ಯೂರೋ ಇತ್ತು, ಪ್ರಯಾಣಕ್ಕೆ ಮತ್ತು ನೆಲೆಯೂರಲು ಬೇರೆ ಹಣ ಬರುತ್ತಿತ್ತು. 2021ರಿಂದ ತಿಂಗಳಿಗೆ 1,400 ಯೂರೋ ಆಗಿದೆ, ಪ್ರಯಾಣ, ವೀಸಾ, ಸಾಮಾನು ಎಲ್ಲ ಅದರೊಳಗೇ. ಮೊತ್ತ ದೊಡ್ಡದಾಗಿ ಕಾಣುತ್ತದೆ, ಆದರೆ ವಿಮಾನದ ಟಿಕೆಟ್ ದುಡ್ಡು ಮೊದಲು ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಈ ವಿಷಯದಲ್ಲಿ ನಾನು ಮೆಚ್ಚುವುದು ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ಪನ್ನು. ಟಿಕೆಟ್ ಅವರೇ ಕೊಡುತ್ತಾರೆ. ಮೊದಲ ಹಣ ಬರುವವರೆಗಿನ ಖರ್ಚಿಗೆ ಸುಮಾರು 2,000 ಡಾಲರ್ ನೀವೇ ತನ್ನಿ ಅಂತ ಮಾರ್ಗಸೂಚಿಯಲ್ಲೇ ಬರೆದಿದ್ದಾರೆ. ಅಷ್ಟು ಹೊಂದಿಸುವುದು ಎಲ್ಲರಿಗೂ ಸುಲಭ ಅಲ್ಲ. ಆದರೂ ಮೊದಲೇ ಹೇಳಿದರೆ ಸಿದ್ಧತೆಗೆ ಟೈಮ್ ಸಿಗುತ್ತದೆ, ಅಲ್ವಾ?

ಅಮೆರಿಕದ ಪಿಎಚ್‌ಡಿ ಫಂಡಿಂಗ್ ಇನ್ನೊಂದು ಥರ. ಟಿಎ (ಬೋಧನಾ ಸಹಾಯಕ), ಆರ್‌ಎ (ಸಂಶೋಧನಾ ಸಹಾಯಕ) ಕೆಲಸಕ್ಕೆ ಸಂಬಳ, ಟ್ಯೂಷನ್ ಮನ್ನಾ. ಕ್ಲಾಸ್ ಆಗಸ್ಟ್‌ನಲ್ಲಿ ಶುರುವಾದರೂ ಮೊದಲ ಪೇಚೆಕ್‌ಗೆ ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಗಬಹುದು. ಜರ್ಮನಿಗೆ ಸ್ವಂತ ಖರ್ಚಿನಲ್ಲಿ ಹೋಗುವವರು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಮಾತ್ರ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ತೋರಿಸಬೇಕು. ಸ್ಕಾಲರ್‌ಶಿಪ್ ಲೆಟರ್ ಅದರ ಜಾಗದಲ್ಲಿ ನಿಲ್ಲಬೇಕಾದರೆ ಮೊತ್ತ, ಅವಧಿ ಎರಡೂ ಅದರಲ್ಲಿ ಇರಲೇಬೇಕು. ನನ್ನ ಹುಡುಗಿಯ ಲೆಟರ್‌ನಲ್ಲಿ ಇರದೇ ಹೋದದ್ದೂ ಇವೆರಡೇ.

ಮ್ಯಾನೇಜರ್ ಹತ್ತಿರ ಹೋಗಿ ಟ್ರ್ಯಾಕರ್‌ನಲ್ಲಿ ಎರಡು ಕಾಲಂ ಸೇರಿಸಿ ಅಂತ ಕೇಳಿದೆ. 'ಮೊದಲ ಹಣ ಕೈಗೆ ಬರುವ ತಿಂಗಳು', 'ಅಲ್ಲಿಯವರೆಗೆ ಆಗುವ ಖರ್ಚು'. ಟ್ರ್ಯಾಕರ್ ವೆಂಡರ್‌ನದ್ದು, ಬದಲಾವಣೆಗೆ ರಿಕ್ವೆಸ್ಟ್ ಹಾಕಬೇಕು ಅಂದರು. ಹಾಕಿದ್ದೇನೆ. ಇನ್ನೂ 'ಪೆಂಡಿಂಗ್'. ಪೋಸ್ಟರ್‌ನಲ್ಲಿ 'ಫುಲ್' ಅನ್ನುವ ಪದ ಬಿಡಿ, ಏನೇನು ಸಿಗುತ್ತದೆ ಅಂತ ಬರೆಯಿರಿ ಅಂತಲೂ ಹೇಳಿದೆ. ಹಾಗೆ ಬರೆದರೆ ಯಾರೂ ಓದುವುದಿಲ್ಲ ಅನ್ನುವ ಉತ್ತರ ಬಂತು. ಓದುತ್ತಾರೆ ಅಂತಲೇ ನಾನು ನಂಬಿದ್ದೇನೆ. ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಒಂದೊಂದು ಅಕ್ಷರವನ್ನೂ ಓದುತ್ತಾರೆ.

ಈಗ ಅವಾರ್ಡ್ ಲೆಟರ್ ಬಂದರೆ ವಿದ್ಯಾರ್ಥಿ ಮತ್ತು ನಾನು ಇಬ್ಬರೂ ಕೂತು ಅದನ್ನು ವೀಸಾ ಆಫೀಸರ್ ಓದುವ ಹಾಗೆ ಓದುತ್ತೇವೆ. ನಮಗೆ ಬೇರೆ ಕಡೆಯಿಂದ ಗೊತ್ತಿರುವುದನ್ನೆಲ್ಲ ಪಕ್ಕಕ್ಕಿಟ್ಟು, ಕಾಗದದ ಮೇಲೆ ಏನಿದೆ ಅಷ್ಟೇ. ಆಮೇಲೆ ಒಂದು ಹಾಳೆಯಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ತಿಂಗಳು ಬರೆದು, ಯಾವ ತಿಂಗಳು ಏನು ಖರ್ಚು, ಯಾವ ತಿಂಗಳು ಯಾರಿಂದ ದುಡ್ಡು ಅಂತ ತುಂಬುತ್ತೇವೆ. ಎಲ್ಲಿ ಖಾಲಿ ಬೀಳುತ್ತದೆ ಅಂತ ಅಲ್ಲೇ ಕಾಣುತ್ತದೆ. ಮನೆಯವರ ಬ್ಯಾಂಕ್ ಸ್ಟೇಟ್‌ಮೆಂಟನ್ನು ನಾನು ಯಾರ ಫೈಲಿನಿಂದಲೂ ತೆಗೆಸುವುದಿಲ್ಲ.

ಕೈಯಲ್ಲಿ ಆಫರ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಒಪ್ಪಿಗೆಗೆ ಸಹಿ ಹಾಕುವ ಮೊದಲು ಕೋಆರ್ಡಿನೇಟರ್‌ಗೆ ಬರೆಯಿರಿ. ಆಗ ಉತ್ತರ ಬೇಗ ಬರುತ್ತದೆ, ಸಹಿ ಆದ ಮೇಲೆ ನಿಧಾನ ಆಗುತ್ತದೆ. ಅಮೆರಿಕದ ಬಹಳಷ್ಟು ಗ್ರಾಜುಯೇಟ್ ಸ್ಕೂಲ್‌ಗಳು ಒಪ್ಪಿಕೊಂಡಿರುವ ಏಪ್ರಿಲ್ 15ರ ನಿರ್ಣಯ ಇದೆ. ಅದರ ಪ್ರಕಾರ ಫಂಡಿಂಗ್ ಆಫರ್‌ಗೆ ಆ ದಿನಕ್ಕಿಂತ ಮೊದಲು ಉತ್ತರ ಕೊಡಲೇಬೇಕು ಅಂತ ಇಲ್ಲ, ಹಾಗಾಗಿ ಕೇಳಲು ಸಮಯ ಇದೆ. ಮೊದಲ ಕಂತು ಯಾವ ತಾರೀಖಿಗೆ, ನಮ್ಮ ದೇಶದ ಖಾತೆಗೆ ಹಾಕುತ್ತೀರಾ, ಇಲ್ಲದಿದ್ದರೆ ಮುಂಗಡ ಕೊಡುತ್ತೀರಾ, ತುರ್ತು ಸಾಲದ ಫಂಡ್ ಇದೆಯಾ ಅಂತ ನೇರವಾಗಿ ಕೇಳಿ. ನನ್ನ ಹುಡುಗಿಯ ವಿಶ್ವವಿದ್ಯಾಲಯದಲ್ಲಿ ಅಂಥ ಫಂಡ್ ಇತ್ತು. ಅವಳಿಗೆ ಗೊತ್ತಾದದ್ದು ಡಿಸೆಂಬರ್‌ನಲ್ಲಿ, ನೋಟಿಸ್ ಬೋರ್ಡ್ ನೋಡಿ. ಈಗ ಅಲ್ಲಿಗೆ ಹೊಸದಾಗಿ ಬರುವವರಿಗೆಲ್ಲ ಆ ಫಾರ್ಮನ್ನು ಆಗಸ್ಟ್‌ನಲ್ಲೇ ಅವಳೇ ಕಳಿಸುತ್ತಾಳೆ.