ಅರ್ಧ ಮೀಸೆ

ಇವತ್ತು ಪ್ರಚಾರದ ಹುಡುಗರು ಮನೆಗೆ ಬಂದಿದ್ದರು. ಕಾಂಪೌಂಡ್ ಮೇಲೆ ಎದುರು ಪಕ್ಷದ ಪೋಸ್ಟರ್. ಒಬ್ಬ ಕೇಳದೆ ಪರಪರ ಹರಿದ. ಮೈದಾ ಅಂಟು ಗಟ್ಟಿ, ಅಭ್ಯರ್ಥಿಯ ಅರ್ಧ ಮೀಸೆ ಗೋಡೆಯಲ್ಲೇ ಉಳೀತು.

ಅಮ್ಮ ಬಂದರು. "ಅಂಟಿಸಿದವರೂ ನನ್ನ ಕೇಳಿಲ್ಲ, ಹರಿದ ನೀನೂ ಕೇಳಿಲ್ಲ. ಗೋಡೆ ಯಾರದು ಮಾರಾಯಾ?"

ಹುಡುಗ ಪೆಚ್ಚಾದ. ಪಾನಕ ಮಾತ್ರ ಬಿಡಲಿಲ್ಲ.

ಚುನಾವಣಾ ನೀತಿಸಂಹಿತೆಯಲ್ಲೂ ಇದೇ ಇರೋದು. ಒಪ್ಪಿಗೆ ಇಲ್ಲದೆ ಗೋಡೆ ಮುಟ್ಟಬಾರದು, ಇನ್ನೊಬ್ಬರ ಪೋಸ್ಟರ್ ಕೀಳಬಾರದು. ಎದುರಾಳಿಯ ಕೆಲಸ ಟೀಕಿಸಿ, ಮನೆ ವಿಷಯ ಎತ್ತಬೇಡಿ.

1952ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಿಂದ ವಿಧಾನಸಭೆಗೆ ಹೋದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 'ಒಂದು ಓಟು, ಒಂದು ನೋಟು' ಕೊಡಿ ಅಂತ, ಓಟಿನ ಜೊತೆ ಚುನಾವಣೆ ಖರ್ಚಿಗೂ ಜನರನ್ನೇ ಕೇಳಿಕೊಂಡವರು. ಕೇಳೋಕೆ ಏನು ಕಷ್ಟ, ಅಲ್ವಾ?

ಹೇಗೂ ಓಟಿನ ಮರುದಿನ ಇವರೆಲ್ಲ ಒಂದೇ ಹೋಟೆಲಲ್ಲಿ ಕಡುಬು ತಿನ್ನೋರೇ. ಬಿಲ್ಲಿಗೆ ಮಾತ್ರ ಆಗಲೂ ಜಗಳ.