ಹಂಗ ಇರ್ಲಿ ಬಿಡ್ರಿ

ಕಳೆದ ಶನಿವಾರದಿಂದ ಈ ಮೂರು ಪದಗಳು ನನ್ನ ಕಿವಿಯನ್ನು ಬಿಟ್ಟು ಹೋಗುತ್ತಿಲ್ಲ. ಹೇಳಿದವರು ಕೆಟ್ಟವರೇನಲ್ಲ. ಸವದತ್ತಿ ಕಡೆಯಿಂದ ವಾಸ್ಕೋಗೆ ಬಂದು, ಬಂದರಿನಲ್ಲಿ ಹಮಾಲಿ ಮಾಡಿ, ಬೈನಾದಲ್ಲಿ ಬಾಡಿಗೆ ಮನೆ ಹಿಡಿದು, ಈಗ ದಕ್ಷಿಣ ಗೋವಾದ ಒಂದು ಕಡಲತೀರದಲ್ಲಿ ನೀರಿನ ಮೇಲೆ ಓಡುವ ಬೈಕಿನಂಥ ಎರಡು ಹಳೆಯ ಜೆಟ್‌ಸ್ಕೀಗಳನ್ನು ಪ್ರವಾಸಿಗರಿಗಾಗಿ ಓಡಿಸುವ ನಮ್ಮ ನೆರೆಮನೆಯವರು. ಮಳೆಗಾಲದ ನಾಲ್ಕು ತಿಂಗಳು ಕಡಲ ಆಟಗಳೆಲ್ಲ ಬಂದ್ ಆಗುವುದರಿಂದ ಡಿಸೆಂಬರಿನ ಒಂದೊಂದು ಶನಿವಾರವೂ ಅವರಿಗೆ ಸುಗ್ಗಿಯೇ. ಅಂಥ ಶನಿವಾರ ಬೆಳಿಗ್ಗೆ ಅವರು ನನ್ನ ಬಾಗಿಲಿಗೆ ಬಂದು, ಒಂದು ಗಾಡಿ ನೀರಿನ ನಡುವೆ ಪದೇ ಪದೇ ಆಫ್ ಆಗುತ್ತಿದೆಯೆಂದೂ, ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆಸಿದ್ದಾಯಿತೆಂದೂ, ಪ್ಲಗ್ ಬದಲಿಸಿ, ಪೆಟ್ರೋಲಿನಲ್ಲಿ ನೀರು ಸೇರಿರಬಹುದೆಂದು ಟ್ಯಾಂಕ್ ಖಾಲಿ ಮಾಡಿಸಿದ್ದೂ ಆಯಿತೆಂದೂ ಹೇಳಿದರು. ನಾನು ಹಡಗು ರಿಪೇರಿಯ ಯಾರ್ಡಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಜೆಟ್‌ಸ್ಕೀ ನನ್ನ ವಿಷಯವಲ್ಲ, ಆದರೂ ಮೀಟರ್ ಹಿಡಿದುಕೊಂಡು ಹೊರಟೆ.

ದಡದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, ಎಂಜಿನ್ ಹೇಗೆ ನಿಲ್ಲುತ್ತದೆ ಎಂಬುದು. ಯಜಮಾನರು ಮತ್ತೆ ಕಾರ್ಬ್ಯುರೇಟರಿನ ಕಥೆಯನ್ನೇ ಶುರು ಮಾಡಿದರು. ಗಾಡಿ ಓಡಿಸುವ ಹುಡುಗ, ಹತ್ತೊಂಬತ್ತರವನಿರಬೇಕು, ಸ್ವಲ್ಪ ದೂರ ನಿಂತು, "ದೀಪಾ ಆರಿಸಿದಂಗ ಸರ್ರ, ಗಪ್ಪಂತ" ಅಂದ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಕೆಮ್ಮುತ್ತದೆ, ಎಳೆಯಲಾರದೆ ಉಸಿರು ಕಟ್ಟುತ್ತದೆ, ಆಮೇಲೆ ನಿಲ್ಲುತ್ತದೆ. ಪ್ಲಗ್ಗಿನ ಕಿಡಿ ಕಡಿದುಹೋದ ಎಂಜಿನ್ನಿಗೆ ಅಂಥ ಪೀಠಿಕೆಯೇ ಇರುವುದಿಲ್ಲ. ಎಡಕ್ಕೆ ಜೋರಾಗಿ ತಿರುಗಿಸುವಾಗ, ಇಲ್ಲವೇ ಅಲೆಯ ಮೇಲೆ ಹಾರಿ ಬಿದ್ದಾಗ ಮಾತ್ರ ಹೀಗಾಗುತ್ತದೆ, ಮರುಕ್ಷಣವೇ ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ ಎಂದೂ ಹುಡುಗ ಸೇರಿಸಿದ. ದಿನವಿಡೀ ಆ ಗಾಡಿಯ ಮೇಲೆ ಕೂರುವವನು ಅವನು. ಹದಿನೈದು ದಿನಗಳಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಬಂದುಹೋಗಿದ್ದರು, ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಹ್ಯಾಂಡಲಿನ ಎಡಭಾಗದಲ್ಲಿ ಕೆಂಪು ಸ್ಟಾಪ್ ಬಟನ್ ಇರುತ್ತದೆ. ಅದರ ಬುಡಕ್ಕೆ ಕವಲಿನಂಥ ಪ್ಲಾಸ್ಟಿಕ್ ಕ್ಲಿಪ್ಪೊಂದು ಸಿಕ್ಕಿಕೊಂಡು, ಸ್ಪ್ರಿಂಗ್ ಒತ್ತಡಕ್ಕೆ ಎದುರಾಗಿ ಬಟನ್ನನ್ನು ಹೊರಗೇ ಹಿಡಿದಿರುತ್ತದೆ. ಕ್ಲಿಪ್ಪಿಗೆ ಸುರುಳಿ ದಾರ, ದಾರದ ಇನ್ನೊಂದು ತುದಿ ಸವಾರನ ಮಣಿಕಟ್ಟಿಗೆ. ಸವಾರ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬರುತ್ತದೆ, ಬಟನ್ ಒಳಕ್ಕೆ ಜಾರುತ್ತದೆ, ಎರಡು ತಂತಿಗಳು ಕೂಡಿ ಕಿಡಿ ನಿಲ್ಲುತ್ತದೆ. ಈ ಹಳೆಯ ಮಾದರಿಯಲ್ಲಿ ಲೆಕ್ಕ ಇಷ್ಟೇ: ತಂತಿಗಳು ಬೇರೆಯಾಗಿದ್ದರೆ ಓಟ, ಕೂಡಿದರೆ ನಿಲುಗಡೆ. ತದ್ವಿರುದ್ಧವಾದ ಮಾದರಿಗಳೂ ಇವೆ. ಅದನ್ನು ನೋಡಿಕೊಳ್ಳದೆ ಮೀಟರ್ ಹಚ್ಚಿದರೆ ಒಳ್ಳೆಯ ಸ್ವಿಚ್ಚೇ ಕೆಟ್ಟದ್ದಾಗಿ ಕಾಣುತ್ತದೆ.

ಸ್ವಿಚ್ಚಿನ ತಂತಿಗಳ ಜೋಡಣೆಯನ್ನು ಬಿಚ್ಚಿ, ಅವು ಒಳಗೆ ಒಂದಕ್ಕೊಂದು ತಾಗುತ್ತಿವೆಯೇ ಎಂದು ಮೀಟರನ್ನು ಓಮ್ಸ್‌ಗೆ ಇಟ್ಟು ನೋಡಿದೆ. ಕ್ಲಿಪ್ ಕೂತಿರುವಾಗ ಮೀಟರ್ ಏನನ್ನೂ ತೋರಿಸಬಾರದು. ಇಲ್ಲಿ ಅಂಕಿಗಳು ಗಾಳಿಗೆ ಸಿಕ್ಕ ಬುಗುರಿಯಂತೆ ಓಲಾಡುತ್ತಿದ್ದವು. ಹುಡುಗನಿಗೆ ದಾರವನ್ನು ಕೈಗೆ ಕಟ್ಟಿಕೊಂಡು, ತಿರುವಿನಲ್ಲಿ ವಾಲುವಂತೆ ವಾಲಲು ಹೇಳಿದೆ. ಅವನು ವಾಲಿದ, ಮೀಟರ್ ಕೀಂ ಎಂದಿತು. ಕ್ಲಿಪ್ಪನ್ನು ಕಿತ್ತು ನೋಡಿದರೆ ಅದು ಗಾಡಿಯ ಜೊತೆ ಬಂದದ್ದಲ್ಲ. ಕಳೆದುಹೋದ ಅಸಲಿಗೆ ಬದಲಾಗಿ ಯಾರೋ ಬಕೆಟ್ಟಿನ ಪ್ಲಾಸ್ಟಿಕ್ಕಿನಿಂದ ಕತ್ತರಿಸಿ ಮಾಡಿದ್ದು, ಎರಡನೆಯ ಗಾಡಿಯ ಕ್ಲಿಪ್ಪಿಗಿಂತ ತೆಳ್ಳಗಿನದು. ದಾರ ಗಂಟು ಬಿದ್ದು ಗಿಡ್ಡವಾಗಿತ್ತು. ಸ್ವಿಚ್ಚಿನ ಒಳಗಂತೂ ಉಪ್ಪು ಹೆಪ್ಪುಗಟ್ಟಿ, ತಾಮ್ರವೆಲ್ಲ ಹಸಿರಾಗಿತ್ತು. ತೆಳು ಕ್ಲಿಪ್ಪಿನಿಂದಾಗಿ ಬಟನ್ ಅರ್ಧ ಒಳಗೇ ಕೂತಿತ್ತು; ದಾರ ಒಂದಿಷ್ಟು ಜಗ್ಗಿದರೆ ಸಾಕು, ಸವಾರ ಬಿದ್ದನೆಂದು ಎಂಜಿನ್ನಿಗೆ ಸುದ್ದಿ ಹೋಗುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಉಳಿದದ್ದು ಒಂದೇ ಪರೀಕ್ಷೆ. ಬಿಚ್ಚಿದ ತಂತಿಗಳನ್ನು ಹಾಗೆಯೇ ಬಿಟ್ಟು, ಗಾಡಿಯಡಿ ನೀರು ಹೀರುವ ಪಂಪ್ ಮರಳನ್ನೂ ಹೀರದಷ್ಟು ಆಳಕ್ಕೆ ಗಾಡಿಯನ್ನು ತಳ್ಳಿ, ಸ್ಟಾರ್ಟ್ ಮಾಡಿಸಿ, ದಡದ ಹತ್ತಿರವೇ ನಾಲ್ಕು ಸುತ್ತು ಹೊಡೆಸಿದೆ. ಎಡಕ್ಕೂ ಬಲಕ್ಕೂ ತಿರುಗಿತು, ಅಲೆ ಹಾರಿತು, ಒಮ್ಮೆಯೂ ನಿಲ್ಲಲಿಲ್ಲ. ನಿಲ್ಲಿಸಬೇಕಾದಾಗ ನಾನೇ ನೀರಿಗಿಳಿದು ತಂತಿಗಳನ್ನು ಕೂಡಿಸಬೇಕಾಯಿತು. ಯಜಮಾನರ ಮುಖ ಹದಿನೈದು ದಿನಗಳ ಮೇಲೆ ಅರಳಿತ್ತು.

"ಈಗ ಚಲೋ ಓಡಾಕತ್ತೈತಿ. ಹಂಗ ಇರ್ಲಿ ಬಿಡ್ರಿ."

ಸ್ವಿಚ್ಚಿನ ತಂತಿ ಬಿಚ್ಚಿಟ್ಟೇ ಓಡಿಸೋಣ ಎಂಬ ಅವರ ವಾದ ಪೂರ್ತಿ ಪೊಳ್ಳಲ್ಲ ಎಂಬುದೇ ನನ್ನ ಫಜೀತಿ. ಜೆಟ್‌ಸ್ಕೀಗೆ ಚುಕ್ಕಾಣಿಯಿಲ್ಲ, ಹಿಂದಿನಿಂದ ಚಿಮ್ಮುವ ನೀರನ್ನು ಅತ್ತಿತ್ತ ತಿರುಗಿಸಿಯೇ ಅದು ದಿಕ್ಕು ಬದಲಿಸುತ್ತದೆ. ಎಂಜಿನ್ ನಿಂತೊಡನೆ ಹ್ಯಾಂಡಲ್ ಎಷ್ಟು ತಿರುವಿದರೂ ಗಾಡಿ ಹೋಗುತ್ತಿದ್ದ ಕಡೆಗೇ ಜಾರುತ್ತದೆ. ತಿರುವಿನಲ್ಲಿ ನಿಲ್ಲುವ ಗಾಡಿ ಈಜುವವರ ಗುಂಪಿನ ಮೇಲೆ ಹೋಗಬಹುದು, ಆದ್ದರಿಂದ ನಿಲ್ಲುವುದೇ ಹೆಚ್ಚು ಅಪಾಯ ಎಂದು ಅವರು ಹೇಳಿದಾಗ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ಹುಡುಗನೂ, "ನಾ ಬೀಳಂಗಿಲ್ರಿ ಸರ್ರ" ಎಂದು ದನಿಗೂಡಿಸಿದ. ಅವನು ಬೀಳದಿರಬಹುದು. ಮುಂದೆ ಕೂತು ಹ್ಯಾಂಡಲ್ ಹಿಡಿಯುವ ಹಟ ಮಾಡುವ, ಮೊದಲ ಸಲ ಸಮುದ್ರ ನೋಡಿದ ಗಿರಾಕಿ ಅವನನ್ನೂ ಎಳೆದುಕೊಂಡೇ ಬೀಳುತ್ತಾನೆ. ಆಗ ವೇಗದ ಹಿಡಿ (ಥ್ರಾಟಲ್) ಬಿಟ್ಟರೂ ಮುಂದಕ್ಕೆ ಸರಿಯುತ್ತಲೇ ಇರುವ ಗಾಡಿ ಇಬ್ಬರನ್ನೂ ಬಿಟ್ಟು ಹೋಗುತ್ತದೆ. ಉಪ್ಪು ಹಿಡಿದ ಥ್ರಾಟಲ್ ಕೇಬಲ್ ಸಿಕ್ಕಿಕೊಂಡಿದ್ದರೆ ಓಡಿಯೇ ಹೋಗುತ್ತದೆ. ಹೊರಗೆ ಮೋಟಾರು ತೂಗಿದ ದೋಣಿಗಳಲ್ಲಂತೂ ಬಿದ್ದವನ ಸುತ್ತಲೇ ದೋಣಿ ಗಿರಕಿ ಹೊಡೆದು, ತಿರುಗುವ ಪ್ರೊಪೆಲ್ಲರ್ ಸಮೇತ ಅವನ ಮೇಲೆಯೇ ಬರುವುದುಂಟು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳನ್ನು ಓಡಿಸುವವರು ಈ ದಾರವನ್ನೋ ಅದರ ಬದಲಿ ಸಾಧನವನ್ನೋ ಬಳಸಬೇಕೆಂದು 2021ರ ಏಪ್ರಿಲ್ 1ರಿಂದ ಕಾನೂನೇ ಇದೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲಿ ಸವಾರನ ಜಾಕೆಟ್ಟಿಗೆ ಸಿಕ್ಕಿಸುವ ದಾರವೂ ಇದೇ ಕೆಲಸದ್ದು. ಅಲ್ಲಿ ಉಪ್ಪಿನ ಬದಲು ಮಂಜು ಸ್ವಿಚ್ಚಿನೊಳಗೆ ನುಗ್ಗುತ್ತದೆ, ಥ್ರಾಟಲ್ ಹೆಪ್ಪುಗಟ್ಟಿ ತೆರೆದೇ ನಿಲ್ಲಬಹುದು.

ಇದನ್ನೆಲ್ಲ ನಾನು ಅವರಿಗೆ ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಬೇರೆ ಇದೆ. ಯಾರ್ಡಿನಲ್ಲಿ ನಾನು ಹೊಸಬನಾಗಿದ್ದಾಗ ಒಂದು ರಾತ್ರಿ ಪಾಳಿಯಲ್ಲಿ ಕ್ರೇನ್ ಸುಮ್ಮಸುಮ್ಮನೆ ನಿಲ್ಲುತ್ತಿತ್ತು. ಕೊಕ್ಕೆ ಅತಿ ಮೇಲಕ್ಕೆ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ ಕೆಟ್ಟಿತ್ತು. ಬೆಳಗಾಗುವುದರೊಳಗೆ ಹಡಗಿನ ಕೆಲಸ ಮುಗಿಯಬೇಕಿತ್ತು. ನಾನು ಬೆಂಕಿಕಡ್ಡಿಯೊಂದನ್ನು ಮುರಿದು ಸ್ವಿಚ್ಚಿನ ಸಂದಿಗೆ ತುರುಕಿದೆ. ಏನೂ ಆಗಲಿಲ್ಲ. ಎಲ್ಲರೂ ಭೇಷ್ ಅಂದರು, ಫೋರ್‌ಮನ್ ಚಹಾ ತರಿಸಿದ. ಬೆಳಿಗ್ಗೆ ಮನೆಗೆ ಬಂದು ಮಲಗಿದವನಿಗೆ ಆ ಕಡ್ಡಿಯ ನೆನಪಾದದ್ದು ಎರಡು ದಿನಗಳ ನಂತರ. ಓಡಿಹೋಗಿ ನೋಡಿದರೆ ಕಡ್ಡಿ ಇರಲಿಲ್ಲ. ಯಾರು ತೆಗೆದರೆಂದು ಕೇಳಲು ಧೈರ್ಯವಾಗಲಿಲ್ಲ, ಇಂದಿಗೂ ಗೊತ್ತಿಲ್ಲ. ಫ್ಯೂಸ್ ಹೋದಾಗಲೆಲ್ಲ ದಪ್ಪ ತಂತಿ ಸುತ್ತುವವರನ್ನೂ, ಕರೆಂಟ್ ಮಿತಿಮೀರಿದಾಗ ತಾನೇ ಕಡಿಯುವ ಎಂಸಿಬಿ ಸ್ವಿಚ್ ಟ್ರಿಪ್ ಆಗುತ್ತದೆಂದು 16 ಆಂಪಿಯರ್‌ನದನ್ನು ಕಿತ್ತು 32ರದನ್ನು ಹಾಕಿಸಿಕೊಳ್ಳುವವರನ್ನೂ ಬೈಯುತ್ತಲೇ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಬೈಯುವಾಗ ಆ ಕಡ್ಡಿ ನೆನಪಾಗದಂತೆ ನೋಡಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಶನಿವಾರ ಮಾತ್ರ ಆ ಮೂರು ಪದಗಳು ಕೇಳಿದಾಗ, ಅವರ ದನಿಯಲ್ಲಿ ನನಗೆ ಕೇಳಿಸಿದ್ದು ಆ ರಾತ್ರಿಯ ನನ್ನದೇ ಸಮಾಧಾನ.

ತಂತಿಗಳನ್ನು ಮತ್ತೆ ಜೋಡಿಸಿ, ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಬಂದೆ. ಕ್ಲಿಪ್ ಇಲ್ಲದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಶನಿವಾರ, ಭಾನುವಾರದ ಬಾಡಿಗೆ ಹೋಯಿತು. ಯಜಮಾನರು ಮೂರು ದಿನ ನನ್ನನ್ನು ನೋಡಿಯೂ ನೋಡದವರಂತೆ ಹಾದುಹೋದರು. ಅವರ ಮನೆಯಿಂದ ಬರುತ್ತಿದ್ದ ರೊಟ್ಟಿಯೂ ಬರಲಿಲ್ಲ. ಬುಧವಾರ ಮುಂಬೈಯಿಂದ ಹೊಸ ಸ್ವಿಚ್ಚೂ ಕ್ಲಿಪ್ಪೂ ಬಂದಾಗ ಹೇಳಿ ಕಳಿಸಿದರು, ಹೋಗಿ ಕೂರಿಸಿದೆ. ಹುಡುಗನಿಗೆ ದಾರ ಕಟ್ಟಿಕೊಂಡು ಬೇಕೆಂದೇ ಬೀಳಲು ಹೇಳಿದೆ. ಬಿದ್ದ. ಗದ್ದಲವೆಲ್ಲ ಒಮ್ಮೆಲೇ ಅಡಗಿ, ಗಾಡಿ ಅವನಿಂದ ನಾಲ್ಕು ಮಾರು ದೂರದಲ್ಲಿ ತೇಲುತ್ತ ನಿಂತಿತು. ಅವನು ಈಜಿಕೊಂಡು ಹೋಗಿ ಹತ್ತಿ, ಇನ್ನೊಮ್ಮೆ ಬೀಳಲೇ ಎಂದು ಅಲ್ಲಿಂದಲೇ ಕೈಸನ್ನೆ ಮಾಡಿದ.

ಯಜಮಾನರು ನಕ್ಕರು. ನನ್ನ ಸಾಮಾನಿನ ಚೀಲದ ಕಡೆ ನೋಡಿ, "ಆ ಹಳೇ ಕ್ಲಿಪ್ ಕೊಟ್ಟು ಹೋಗ್ರಿ ಸರ್ರ, ಯಾವಾಗರ ಬೇಕಾದೀತು" ಅಂದರು. ಎಲ್ಲೋ ಬಿದ್ದುಹೋಯಿತೆಂದು ಸುಳ್ಳು ಹೇಳಿದೆ. ಅದೀಗ ನನ್ನ ಮೇಜಿನ ಮೇಲಿದೆ.