ಕುದುರೆಗಾಡಿಯ ದಾರಿ ಹಿಡಿದು ಹಿಮಕ್ಕೆ

ನಾವು ಗಾರ್ಡಿನರ್ ತಲುಪಿದಾಗ ಬೆಳಗಿನ ಆರೂಮುಕ್ಕಾಲು. 2023ರ ಜನವರಿ. ಕಾರಿನ ಥರ್ಮಾಮೀಟರ್ ಮೈನಸ್ 19 ತೋರಿಸುತ್ತಿತ್ತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರ ಬಾಗಿಲಾದ ಈ ಊರಿಗೆ ಬೋಜ್‌ಮನ್ ನಗರದಿಂದ ಎಷ್ಟೋ ಸಲ ಬಂದಿದ್ದೇನೆ. ಕಲ್ಲಿನ ಕಮಾನು ದಾಟಿದರೆ ರಸ್ತೆ ಗಾರ್ಡ್ನರ್ ಹೊಳೆಯ ಪಕ್ಕಕ್ಕೆ ಇಳಿದು, ಕಣಿವೆಯೊಳಗೆ ಹೊಳೆಯ ಜೊತೆಜೊತೆಯೇ ಉದ್ಯಾನದ ಮುಖ್ಯ ಕಚೇರಿಯಿರುವ ಮ್ಯಾಮತ್‌ಗೆ ಏರುತ್ತಿತ್ತು. ಆ ರಸ್ತೆ ಈಗಿಲ್ಲ. ಹೊಳೆ ಅದನ್ನು ಒಂದೆರಡು ಕಡೆಯಲ್ಲ, ಹಲವು ಕಡೆ ತಿಂದುಹಾಕಿದೆ.

2022ರ ಜೂನ್ 13ರ ಸುದ್ದಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವಸಂತ ತಡವಾಗಿ ಬಂದ ವರ್ಷ. ಬೆಟ್ಟದಲ್ಲಿ ಹಿಮ ಕರಗದೆ ಉಳಿದಿತ್ತು. ಅದರ ಮೇಲೆ ಬೆಚ್ಚಗಿನ ಮಳೆ ಎರಡು ಮೂರು ಇಂಚು ಸುರಿಯಿತು. ಮಳೆಯ ನೀರಿಗೆ ಕರಗಿದ ಹಿಮದ ನೀರೂ ಸೇರಿ ಕಾರ್ವಿನ್ ಸ್ಪ್ರಿಂಗ್ಸ್‌ನ ಮಾಪನ ಕೇಂದ್ರದಲ್ಲಿ ಯೆಲ್ಲೋಸ್ಟೋನ್ ನದಿ 13.88 ಅಡಿಗೆ ಏರಿತು. ಅಲ್ಲಿಯವರೆಗಿನ ದಾಖಲೆ 1918ರದ್ದು, 11.5 ಅಡಿ. ಉದ್ಯಾನದೊಳಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಹೊರಗೆ ಕಳಿಸಿದರು. ಉದ್ಯಾನದ ನೌಕರರು ವಾಸವಿದ್ದ ಇಡೀ ಮನೆಯೊಂದು ದಂಡೆಯಿಂದ ಕಳಚಿ ನೀರಲ್ಲಿ ತೇಲಿಹೋಗುವುದನ್ನು ವಿಡಿಯೊದಲ್ಲಿ ನೋಡಿ ನಾನು ಫೋನ್ ಕೆಳಗಿಟ್ಟಿದ್ದೆ. ಮತ್ತೆ ನೋಡಲು ಮನಸ್ಸಾಗಲಿಲ್ಲ. ನಾನು ಸಂಪಾಜೆ ಕಡೆಯವಳು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಕುಸಿದು ಮಡಿಕೇರಿ ರಸ್ತೆ ತುಂಡಾದಾಗ ಊರಲ್ಲೇ ಇದ್ದೆ. ಕೆಂಪು ನೀರು ರಸ್ತೆಯನ್ನು ಹೇಗೆ ಮಡಚಿ ಎಳೆದುಕೊಂಡು ಹೋಗುತ್ತದೆಂದು ಗೊತ್ತಿದ್ದವರಿಗೆ ಅಂಥ ವಿಡಿಯೊ ಒಂದು ಸಲ ಸಾಕು.

ನಾವಿಬ್ಬರು ಹೊರಟಿದ್ದು ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ಗೆ. ಅಂದರೆ ಲಿಫ್ಟ್ ಇಲ್ಲ, ಹದಮಾಡಿದ ಇಳಿಜಾರಿಲ್ಲ. ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ 'ಸ್ಕಿನ್' ಎಂಬ ಅಂಟುಪಟ್ಟಿ ಹಚ್ಚಿಕೊಂಡು ಬೆಟ್ಟವನ್ನು ನಮ್ಮ ಕಾಲಲ್ಲೇ ಹತ್ತಬೇಕು, ಆಮೇಲೆ ಅದನ್ನು ಕಿತ್ತು ಇಳಿಯಬೇಕು. ಉದ್ಯಾನದ ಈಶಾನ್ಯ ಮೂಲೆಯೂ ಅದರಾಚೆಯ ಕುಕ್ ಸಿಟಿಯೂ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹೆಸರಿನಲ್ಲಿ ಸಿಟಿ ಇದ್ದರೂ ಚಳಿಗಾಲಕ್ಕೆ ಅಲ್ಲಿ ನೂರು ಜನ ಇದ್ದರೆ ಹೆಚ್ಚು. ಬೇಸಿಗೆಯಲ್ಲಿ ಆ ಊರಿಗೆ ಬೇರೆ ದಾರಿಗಳಿವೆ. ಹಿಮ ಬಿದ್ದ ಮೇಲೆ ಬೇರ್‌ಟೂತ್ ಹೆದ್ದಾರಿ ಮುಚ್ಚುತ್ತದೆ. ವಯೋಮಿಂಗ್ ಕಡೆಯ ರಸ್ತೆಯಲ್ಲಿ ಸುಮಾರು 13 ಕಿಲೋಮೀಟರ್ ಭಾಗದ ಹಿಮವನ್ನು ಯಾರೂ ತೆಗೆಯುವುದಿಲ್ಲ. ಅದಕ್ಕೆ ಊರವರು 'ಪ್ಲಗ್' ಅನ್ನುತ್ತಾರೆ, ಬಿರಡೆ. ಸ್ನೋಮೊಬೈಲ್ ಇದ್ದವರಷ್ಟೇ ದಾಟಬೇಕು. ಕಾರಿಗೆ ಉಳಿಯುವುದು ಒಂದೇ ದಾರಿ: ಗಾರ್ಡಿನರ್‌ನಿಂದ ಉದ್ಯಾನದೊಳಗೆ ಸುಮಾರು 90 ಕಿಲೋಮೀಟರ್. ಆ ಜೂನ್‌ನಲ್ಲಿ ಹೊಳೆ ಮುರಿದದ್ದು ಅದನ್ನೇ, ಎರಡೂ ತುದಿಗಳಲ್ಲಿ.

ಗುಡ್ಡದ ಮೇಲೆ ಹಳೆಯದೊಂದು ದಾರಿ ಇತ್ತು. 1880ರ ದಶಕದಲ್ಲಿ ಕುದುರೆಗಾಡಿಗಳು ಓಡಾಡಿದ ಓಲ್ಡ್ ಗಾರ್ಡಿನರ್ ರೋಡ್. ಪ್ರವಾಹಕ್ಕೆ ಮೊದಲು ಬೇಸಿಗೆಯಲ್ಲಿ ಮ್ಯಾಮತ್‌ನಿಂದ ಕೆಳಕ್ಕಷ್ಟೇ ಬಿಡುತ್ತಿದ್ದ ಏಕಮುಖ ಮಣ್ಣುದಾರಿ ಅದು; ನಾನೂ ಒಮ್ಮೆ ಜಿಂಕೆ ನೋಡುವ ಆಸೆಯಿಂದ ಅದರಲ್ಲಿ ಇಳಿದಿದ್ದೆ. ಆ ಮಣ್ಣುದಾರಿಯನ್ನು ಅಗಲಿಸಿ, ಡಾಂಬರು ಹಾಕಿ, ಅಂಚಿಗೆ ತಡೆಗಂಬಿ ನಿಲ್ಲಿಸಿ 2022ರ ಅಕ್ಟೋಬರ್ 30ಕ್ಕೆ ಜನರಿಗೆ ಬಿಟ್ಟರು. ಈಶಾನ್ಯ ಭಾಗದ ರಸ್ತೆ ಅದಕ್ಕೂ ಎರಡು ವಾರ ಮೊದಲೇ ತೆರೆದಿತ್ತು. ನಾಲ್ಕೂವರೆ ತಿಂಗಳು! ಘಟ್ಟದ ರಸ್ತೆಗಳನ್ನು ನೋಡಿ ಬೆಳೆದ ನನಗೆ ಇದು ಸಣ್ಣ ಮಾತಲ್ಲ.

ಆ ಬೆಳಿಗ್ಗೆ ಮೊದಲ ಬಾರಿಗೆ ಅದನ್ನು ಹತ್ತಿದೆ. ಏರು ಜೋರಾಗಿದೆ, ತಿರುವುಗಳು ಮೈಮುರಿದುಕೊಂಡ ಹಾಗೆ ಬರುತ್ತವೆ. ಹೊಸ ಡಾಂಬರಿನ ಮೇಲೆ ಒತ್ತಿ ಗಟ್ಟಿಯಾದ ಹಿಮ, ಅದರ ಮೇಲೆ ಚೆಲ್ಲಿದ ಮರಳು. ಹಿಮದ ಟೈರು ಇದ್ದರೂ ಎರಡನೇ ಗೇರಿನಲ್ಲೇ ಹೋದೆ. ಗೆಳತಿ ಮಾತಾಡಲಿಲ್ಲ, ಕೈ ಬಾಗಿಲಿನ ಹಿಡಿಯ ಮೇಲಿತ್ತು. ಒಂದು ತಿರುವಿನಲ್ಲಿ ಬೆಳಕು ಹರಿದು ಕೆಳಗೆ ದೂರದಲ್ಲಿ ಕಣಿವೆಯ ಬಾಯಿ ಕಂಡಿತು. ಅದರೊಳಗೆಲ್ಲೋ ಹೊಳೆ ತನ್ನ ಪಾಡಿಗೆ ಆವಿ ಬಿಡುತ್ತಾ ಹರಿಯುತ್ತಿರಬೇಕು. ಜನ ಕಾಲು ಇಳಿಬಿಟ್ಟು ಕೂರುತ್ತಿದ್ದ ಬಾಯ್ಲಿಂಗ್ ರಿವರ್‌ನ ಬಿಸಿನೀರ ಮಡುವನ್ನೂ ಅದು ಕೊಚ್ಚಿಕೊಂಡು ಹೋಗಿತ್ತು.

ಲಮಾರ್ ಕಣಿವೆಯಲ್ಲಿ ತೋಳಗಳು ಕಾಣಲೆಂದು ಕಾಯುವವರು ಆಗಲೇ ದುರ್ಬೀನು ನೆಟ್ಟು ನಿಂತಿದ್ದರು. ಮುಂದೆ ಸೋಡಾ ಬ್ಯೂಟ್ ಹೊಳೆಯ ಪಕ್ಕ ರಿಪೇರಿಯಾದ ಜಾಗಗಳು ಒಂದೊಂದಾಗಿ ಬಂದವು: ಹೊಸ ಬಂಡೆಗಳ ಪೇರಿಕೆ, ಇನ್ನೂ ಹುಲ್ಲು ಹತ್ತದ ದಂಡೆ, ಬೇರುಸಮೇತ ಬಿದ್ದ ಮರಗಳ ಮೇಲೆ ಹಿಮದ ದಿಂಬು.

ಕಾರು ನಿಲ್ಲಿಸಿದ್ದು ಬಾರೊನೆಟ್ ಶಿಖರದ ಬುಡದಲ್ಲಿ. ಜ್ಯಾಕ್ ಬಾರೊನೆಟ್ ಎಂಬವನ ಹೆಸರದು. 1870ರಲ್ಲಿ ಈ ಕಾಡಿನಲ್ಲಿ 37 ದಿನ ದಾರಿತಪ್ಪಿ ಅಲೆದ ಟ್ರೂಮನ್ ಎವರ್ಟ್ಸ್ ಅವರನ್ನು ಜೀವಸಹಿತ ಹುಡುಕಿದ ಇಬ್ಬರಲ್ಲಿ ಅವನೊಬ್ಬ. ಮರುವರ್ಷ ಯೆಲ್ಲೋಸ್ಟೋನ್ ನದಿಗೆ ಮೊದಲ ಸೇತುವೆ ಕಟ್ಟಿ ಸುಂಕ ವಸೂಲಿ ಮಾಡತೊಡಗಿದ. ಕುಕ್ ಸಿಟಿ ಕಡೆಯ ಗಣಿಗಳಿಗೆ ಹೋಗುವವರು ಅದನ್ನು ದಾಟುತ್ತಿದ್ದರು. ಈ ಮೂಲೆಗೆ ದಾರಿ ಮಾಡಿದವನ ಹೆಸರು ಈ ಬೆಟ್ಟಕ್ಕೇ ಬಂದಿರುವುದು ನನಗೆ ತುಂಬಾ ಹಿಡಿಸಿತು.

ಬೆಟ್ಟದ ಬುಡದಲ್ಲಿ ಹಳೇ ರಸ್ತೆಯ ಮೈಮೇಲೇ ಒಂದು ಸ್ಕೀ ದಾರಿ ಇದೆ. ಅದರಲ್ಲಿ ಸ್ವಲ್ಪ ದೂರ ಹೋಗಿ, ಮರಗಳ ಮಧ್ಯೆ ಹತ್ತಿ, ಒಂದು ಬಯಲು ಇಳಿಜಾರಿನಲ್ಲಿ ಮೂರ್ನಾಲ್ಕು ಸಲ ಇಳಿಯುವುದು ನಮ್ಮ ಲೆಕ್ಕ. ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕೊಡುವ ಬೀಕನ್ ಆನ್ ಮಾಡಿ ಪರಸ್ಪರ ಪರೀಕ್ಷಿಸಿಕೊಂಡೆವು. ಬೆನ್ನಲ್ಲಿ ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು 'ಪ್ರೋಬ್', ಬೆಲ್ಲದ ಕಾಫಿಯ ಫ್ಲಾಸ್ಕ್. ಒಂದೂವರೆ ಗಂಟೆ ಹತ್ತಿದೆವು. ರೆಪ್ಪೆಗೂದಲು ಒಂದಕ್ಕೊಂದು ಅಂಟುವಷ್ಟು ಚಳಿ, ಆದರೆ ಬೆನ್ನಲ್ಲಿ ಬೆವರು.

ಬಯಲಿನ ಅಂಚಿಗೆ ಬರುತ್ತಿದ್ದಂತೆ ನೆಲ 'ಧುಪ್' ಎಂದಿತು. ಸದ್ದಿಗಿಂತ ಹೆಚ್ಚಾಗಿ ಕಾಲಿಗೆ ಗೊತ್ತಾಯಿತು: ಇಡೀ ಹಾಸು ಒಂದು ಬೆರಳಿನಷ್ಟು ಕುಳಿತ ಹಾಗೆ. ಇಬ್ಬರೂ ಇದ್ದಲ್ಲೇ ನಿಂತೆವು. ಹಿಂದೆ ಸರಿದು, ಇಳಿಜಾರು ಕಡಿಮೆ ಇದ್ದಲ್ಲಿ ಮರದಿಂದ ಆಚೆ ಗುಂಡಿ ತೋಡಿದೆವು. ಮೇಲೆ ಗಟ್ಟಿ ಹಿಮದ ಚಪ್ಪಡಿ. ಬುಡದಲ್ಲಿ ಒಂದು ಗೇಣಿಗೂ ಹೆಚ್ಚು ಬರೀ ಕಾಳುಕಾಳು. ಕೈಗವಸಿನಲ್ಲಿ ಹಿಡಿದರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯಿತು. ಮೊದಲ ಹಿಮ ತೆಳುವಾಗಿ ಬಿದ್ದು, ಆಮೇಲೆ ಕಡುಚಳಿ ಕೂತಾಗ ಹೀಗಾಗುತ್ತದೆ. ನೆಲದ ಬಿಸುಪಿಗೆ ಆವಿ ಮೇಲೇರುತ್ತಾ ಕೆಳಗಿನ ಹಿಮದ ಬೆಸುಗೆ ಬಿಟ್ಟು ಹರಳುಹರಳಾಗುತ್ತದೆ. ಅದರ ಮೇಲೆ ಎಷ್ಟು ಭಾರ ಬಿದ್ದರೂ ಕಡಲೆಕಾಳಿನ ಮೇಲೆ ಹಲಗೆ ಇಟ್ಟಂತೆಯೇ, ಇಡೀ ಚಪ್ಪಡಿ ಜಾರಿ ಹಿಮಕುಸಿತವಾಗಬಹುದು. ಗ್ಯಾಲಟಿನ್ ಹಿಮಕುಸಿತ ಕೇಂದ್ರದವರು ದಿನಾ ಬೆಳಿಗ್ಗೆ ಪ್ರಕಟಿಸುವ ಮುನ್ಸೂಚನೆಯನ್ನು ಓದಿಯೇ ಬಂದಿದ್ದೆವು. ಓದುವುದೇ ಬೇರೆ, ಕಾಲಡಿ ಕೇಳುವುದೇ ಬೇರೆ.

"ಬೇಡ," ಅಂದಳು ಗೆಳತಿ. ನನಗೂ ಅದೇ ಇತ್ತು. ಹತ್ತಿದ ಜಾಡಿನಲ್ಲೇ, ಮರಗಳ ನಡುವೆ ಬೇಸರದಿಂದಲೇ ಇಳಿದೆವು. ಆಮೇಲೆ ಕೆಳಗಿನ ಚಪ್ಪಟೆ ದಾರಿಯಲ್ಲಿ ಹೊಳೆಯ ಪಕ್ಕ ಸುಮ್ಮನೆ ಹೋದೆವು. ಮಂಜುಗಡ್ಡೆಯ ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. ಒಂದು ಕಡೆ ದಂಡೆ ಕೊರೆದುಹೋಗಿ ಸ್ಪ್ರೂಸ್ ಮರದ ಬೇರುಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಈ ಸಣ್ಣ ಹೊಳೆಯೇ ಅಷ್ಟು ಮಾಡಿದ್ದು ಎಂದು ನಂಬಲು ಹೊತ್ತು ಹಿಡಿಯಿತು.

ಮಧ್ಯಾಹ್ನ ಕುಕ್ ಸಿಟಿಯ ಅಂಗಡಿಯೊಂದರಲ್ಲಿ ಸೂಪ್ ಕುಡಿದೆವು. ಬಡಿಸಿದ ಹೆಂಗಸಿಗೆ ಅರವತ್ತರ ಆಸುಪಾಸು. ರಸ್ತೆ ಹೇಗಿತ್ತು ಎಂದು ಕೇಳಿದರು. ಹಿಮ ಹೇಗಿತ್ತು ಎಂದು ಕೇಳಲಿಲ್ಲ. ಸೆಪ್ಟೆಂಬರ್ ಪೂರ್ತಿ ನಿದ್ದೆಯಿರಲಿಲ್ಲವಂತೆ. ಹಿಟ್ಟು, ಎಣ್ಣೆ, ಸೌದೆ, ಗಂಡನ ಔಷಧಿ ಎಲ್ಲವನ್ನೂ ಮೇ ತಿಂಗಳವರೆಗೆ ಆಗುವಷ್ಟು ತಂದಿಟ್ಟಿದ್ದರಂತೆ. "ಅಕ್ಟೋಬರ್‌ನಲ್ಲಿ ಮೊದಲ ಕಾರು ಆ ಕಡೆಯಿಂದ ಬಂದಾಗ ನಾವು ಹೊರಗೆ ಬಂದು ನಿಂತೆವು," ಅಂದರು. ಅಮ್ಮನ ನೆನಪಾಯಿತು. ಆ ಮಳೆಗಾಲದ ನಂತರ ಎಷ್ಟೋ ದಿನ ಮಡಿಕೇರಿ ಕಡೆಯಿಂದ ಯಾರೇ ಬರಲಿ, ಅವಳ ಮೊದಲ ಪ್ರಶ್ನೆ, "ರೋಡು ಸರಿ ಉಂಟಾ?"

ವಾಪಸು ಹೊರಟಾಗ ಹಿಮ ಬೀಳತೊಡಗಿತ್ತು. ಮ್ಯಾಮತ್ ದಾಟಿ ಹಳೇ ದಾರಿಯ ಇಳಿಜಾರಿಗೆ ಬರುವಾಗ ಕತ್ತಲು. ಮುಂದೆ ಹಿಮ ತೆಗೆಯುವ ಲಾರಿ, ತಲೆಯ ಮೇಲೆ ಹಳದಿ ದೀಪ ತಿರುಗಿಸುತ್ತಾ, ಹಿಂದಿನಿಂದ ಮರಳು ಚೆಲ್ಲುತ್ತಾ ನಿಧಾನ ಇಳಿಯುತ್ತಿತ್ತು. ಅದನ್ನು ದಾಟುವ ಯೋಚನೆಯೇ ಬರಲಿಲ್ಲ. ಅದು ಬಿಟ್ಟ ಗುರುತಿನ ಮೇಲೆ ಟೈರು ಇಟ್ಟುಕೊಂಡು ಒಂದೊಂದೇ ತಿರುವು ಇಳಿದೆ. ಕೆಳಗೆ ಊರ ದೀಪಗಳು ಕಂಡಾಗ ಲಾರಿ ಪಕ್ಕಕ್ಕೆ ಸರಿದು ನಿಂತಿತು. ಚಾಲಕ ಕಿಟಕಿಯಿಂದ ಕೈಬೀಸಿ, ಹೋಗಿ ಅಂದ. ನಾನು ಗಾಜು ಇಳಿಸಿ ಥ್ಯಾಂಕ್ಸ್ ಹೇಳಿದೆ. ಎಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಕ್ಕಿಲ್ಲ. ಕನ್ನಡಿಯಲ್ಲಿ ನೋಡಿದರೆ ಆ ಹಳದಿ ದೀಪ ಆಗಲೇ ಹೊರಳಿ ಮತ್ತೆ ಗುಡ್ಡ ಹತ್ತುತ್ತಿತ್ತು.